ಮೇಲ್ಮನೆಗೆ ಎಷ್ಟು ಬಲ: ರಾಜ್ಯಸಭೆಯಷ್ಟಾ, ವಿಧಾನ ಪರಿಷತ್ತಿನಷ್ಟಾ?

ಮೇಲ್ಮನೆ ಬೇಕು, ಆದರೆ ಎಷ್ಟು ಬಲದ್ದು? ನಮ್ಮಲ್ಲೇ ಎರಡು ಮಾದರಿಗಳಿವೆ.

ರಾಜ್ಯಸಭೆಯ ಹಿಡಿತ ದೊಡ್ಡದು. ಅದು ಸಾಮಾನ್ಯ ಮಸೂದೆಯನ್ನು ತಿರಸ್ಕರಿಸಿದರೆ ಲೋಕಸಭೆ ತಾನೊಂದೇ ಮುಂದೆ ಹೋಗುವಂತಿಲ್ಲ, ಜಂಟಿ ಅಧಿವೇಶನ ಬೇಕು. ಅಲ್ಲಿ ಲೋಕಸಭೆಯ ಸದಸ್ಯರೇ ಜಾಸ್ತಿ, ನಿಜ. ಆದರೂ ಮಸೂದೆಗಾಗಿ ಜಂಟಿ ಅಧಿವೇಶನ ಸೇರಿದ್ದು 1961, 1978 ಮತ್ತು 2002ರಲ್ಲಿ ಮಾತ್ರ. ಸಂವಿಧಾನ ತಿದ್ದುಪಡಿಗಂತೂ ಆ ದಾರಿಯೇ ಇಲ್ಲ, ಎರಡೂ ಸದನ ಒಪ್ಪಲೇಬೇಕು. ಧನ ಮಸೂದೆಯಲ್ಲಿ (ತೆರಿಗೆ, ಸರ್ಕಾರಿ ಖರ್ಚಿನಂಥ ವಿಷಯದ್ದು) ಮಾತ್ರ ರಾಜ್ಯಸಭೆ ಸೋಲುತ್ತದೆ: 14 ದಿನದೊಳಗೆ ವಾಪಸ್ ಕಳಿಸಬೇಕು.

ವಿಧಾನ ಪರಿಷತ್ತು ಸಾಮಾನ್ಯ ಮಸೂದೆಯನ್ನು ಮೊದಲ ಸಲ 3 ತಿಂಗಳು, ಎರಡನೇ ಸಲ 1 ತಿಂಗಳು ತಡೆಯಬಹುದು. ಅಷ್ಟೇ. ಆಮೇಲೆ ವಿಧಾನಸಭೆ ಹೇಳಿದ್ದೇ ಕಾನೂನು.

ಆಯ್ದ ಸರ್ಕಾರದ ಕೆಲಸ ನಿಲ್ಲಬಾರದು ಅನ್ನುವವರಿಗೆ ಪರಿಷತ್ತೇ ಸಾಕು. ನನಗೆ ರಾಜ್ಯಸಭೆಯೇ ಇಷ್ಟ. ಅವಸರದ ಕಾನೂನನ್ನು ನಿಜವಾಗಿ ತಡೆಯಲು ಒಬ್ಬರಾದರೂ ಬೇಕು, ಅಲ್ವಾ?