ಸರ್ಕಾರಿ ಶಾಲೆಯ ಶಿಕ್ಷಕ ಹುದ್ದೆಯೋ, ಸ್ವಯಂಸೇವಾ ಸಂಸ್ಥೆಯ ಕೆಲಸವೋ?

ಐಟಿ ಕಂಪನಿಯ ಕೆಲಸದಲ್ಲಿ ಸಂಬಳವಿದ್ದರೂ ಸಾರ್ಥಕತೆ ಕಾಣದೆ, ಮಕ್ಕಳ ಶಿಕ್ಷಣದತ್ತ ಹೊರಳಲು ಬಯಸುವ ಪದವೀಧರರ ಮುಂದೆ ಸಾಮಾನ್ಯವಾಗಿ ಈ ಎರಡು ದಾರಿಗಳಿರುತ್ತವೆ.

ಸರ್ಕಾರಿ ಶಾಲೆಯ 6ರಿಂದ 8ನೇ ತರಗತಿಗೆ ಪಾಠ ಹೇಳಬೇಕಾದರೆ ಪದವಿಯ ಮೇಲೆ ಸಾಮಾನ್ಯವಾಗಿ 2 ವರ್ಷದ ಬಿ.ಇಡ್., ಅದರ ಜೊತೆಗೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ತೇರ್ಗಡೆ, ಆನಂತರ ನೇಮಕಾತಿ ಪರೀಕ್ಷೆ ಬೇಕಾಗುತ್ತದೆ. ನೇಮಕಾತಿ ಪ್ರಕಟಣೆ ಪ್ರತಿವರ್ಷ ಬರುವುದಿಲ್ಲವಾದ್ದರಿಂದ ಕಾಯುವ ತಾಳ್ಮೆಯೂ ಅರ್ಹತೆಯ ಒಂದು ಭಾಗವೆಂದೇ ತಿಳಿಯಬೇಕು. ಸ್ವಯಂಸೇವಾ ಸಂಸ್ಥೆಗಳಲ್ಲಿ ಪ್ರವೇಶ ಇದಕ್ಕಿಂತ ಸುಲಭ.

ಆದರೆ ಸಾರ್ಥಕತೆ ಎಲ್ಲಿಂದ ಹುಟ್ಟುತ್ತದೆ ಎಂಬಲ್ಲಿಯೇ ನಿಜವಾದ ವ್ಯತ್ಯಾಸವಿದೆ. ಶಿಕ್ಷಕರಿಗೆ ಅದೇ ಮಕ್ಕಳು ವರ್ಷಗಟ್ಟಲೆ ಕಣ್ಣೆದುರೇ ಬೆಳೆಯುತ್ತಾರೆ. ಆರನೇ ತರಗತಿಗೆ ಬಂದಾಗ ಭಾಗಾಕಾರಕ್ಕೆ ಹೆದರುತ್ತಿದ್ದ ಹುಡುಗಿ ಎಂಟನೆಯದರಲ್ಲಿ ಬೀಜಗಣಿತದ ಲೆಕ್ಕವನ್ನು ತಾನೇ ಬಿಡಿಸುವುದನ್ನು ಕಾಣಬಹುದು. ಇದರೊಂದಿಗೆ ಬಿಸಿಯೂಟದ ಲೆಕ್ಕ, ಜನಗಣತಿ, ಚುನಾವಣಾ ಕರ್ತವ್ಯಗಳೂ ಹೆಗಲೇರುತ್ತವೆ. ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ಹಚ್ಚಬಾರದೆನ್ನುವ 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಕೊನೆಯ ಎರಡು ಕೆಲಸಗಳಿಗೆ ಮಾತ್ರ ಅವರನ್ನು ಬಳಸಲು ಅವಕಾಶ ಕೊಟ್ಟಿದೆ. ಸಂಸ್ಥೆಯವರು ಹಲವು ಶಾಲೆಗಳಿಗೆ ಹೋಗಿ ಶಿಕ್ಷಕರಿಗೆ ತರಬೇತಿ ನೀಡಿ ಹೆಚ್ಚು ಮಕ್ಕಳನ್ನು ಮುಟ್ಟುತ್ತಾರೆ, ಆದರೆ ಮಗುವಿನ ಹೆಸರು ಬಹಳ ಸಲ ವರದಿಯ ಅಂಕಿಯಾಗಿಬಿಡುತ್ತದೆ (ದಾನಿಗಳಿಗೆ ವರದಿ ಬರೆಯುವುದೇ ಅರ್ಧ ಕೆಲಸವೆಂದು ಕೆಲವರು ಗೊಣಗುವುದುಂಟು), ಅನುದಾನ ಮುಗಿದರೆ ಯೋಜನೆಯೂ ಮುಗಿಯಬಹುದು.

ಉದ್ಯೋಗ ಭದ್ರತೆ ಸರ್ಕಾರಿ ಹುದ್ದೆಯ ಪಾಲು. ಮನಸ್ಸು ಇನ್ನೂ ಗಟ್ಟಿಯಾಗದವರು ಮೊದಲು ಒಂದು ವರ್ಷ ಸಂಸ್ಥೆಯೊಂದರಲ್ಲಿದ್ದು, ತರಗತಿಯ ಗದ್ದಲ ತಮಗೆ ಹಿಡಿಸುತ್ತದೆಯೇ ಎಂದು ನೋಡಿದ ಮೇಲೆ ಬಿ.ಇಡ್. ಸೇರುವುದು ನನ್ನ ಲೆಕ್ಕದಲ್ಲಿ ಉತ್ತಮ.