ಮುಂದಿನ ಹಾಯಿಯ ಹಗ್ಗಕ್ಕೆ ಮೂರು ಜಾಗ: ಮಾರಿಕಣಿವೆಯಲ್ಲಿ ನಾನು ಕಂಡದ್ದು

ಆಷಾಢದ ಗಾಳಿ ಹೇಗಿರುತ್ತದೆ ಅಂತ ಚಿತ್ರದುರ್ಗದವರಿಗೆ ಹೇಳಬೇಕಾಗಿಲ್ಲ. ಜೋಗಿಮಟ್ಟಿ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲವಲ್ಲ. ಅದೇ ಗಾಳಿ ಹಿರಿಯೂರಿನ ವಾಣಿವಿಲಾಸ ಸಾಗರದ, ಅಂದರೆ ನಮ್ಮ ಮಾರಿಕಣಿವೆಯ ಮೇಲೆ ಬರುವಾಗ ಗುಡ್ಡಗಳ ಸಂದಿಯಲ್ಲಿ ಸಿಕ್ಕಿಕೊಂಡು ಬಿಟ್ಟು ಬಿಟ್ಟು ನುಗ್ಗುತ್ತದೆ. ಒಂದು ನಿಮಿಷ ಏನೂ ಇಲ್ಲ, ಮರುನಿಮಿಷ ದೋಣಿ ವಾಲಿರುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಇಲ್ಲಿ ಹಾಯಿಯ ಹಗ್ಗ ಎಲ್ಲಿಂದ ಎಳೆಯುತ್ತೇವೆ ಅನ್ನುವುದು ಸಣ್ಣ ವಿಷಯವಲ್ಲ.

1907ರಲ್ಲಿ ಮುಗಿದ ಈ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ ನೀರು ನೋಡಿಯೇ ನನ್ನ ದೋಣಿಯನ್ನು ಇಲ್ಲಿಗೆ ತರಬೇಕು ಅನ್ನಿಸಿತು. ಆರು ಮೀಟರ್ ಉದ್ದದ ಪ್ಲೈವುಡ್ ಹಾಯಿದೋಣಿ, ಇಬ್ಬರು ಮಲಗುವಷ್ಟು ಕ್ಯಾಬಿನ್ ಇದೆ. ಅನುಮತಿ ತಗೊಂಡೇ ಇಳಿಸುತ್ತೇನೆ, ಕಟ್ಟೆಯ ಹತ್ತಿರ ಹೋಗುವುದಿಲ್ಲ. ಬೇಸಿಗೆಗೆ ಮುಂಚೆ ಟ್ರೈಲರ್ ಮೇಲೆ ಹೇರಿಕೊಂಡು ಮಲ್ಪೆಗೂ ಹೋಗಿಬರುತ್ತೇನೆ. 2023ರಿಂದ ಮೂರು ಮಳೆಗಾಲ, ಮೂರು ಥರದ ಜೋಡಣೆ ಹಾಕಿ ನೋಡಿದೆ.

ಮೊದಲು ಹೆಸರು. ಹಾಯಿಯನ್ನು ಎಳೆಯುವ ಹಗ್ಗಕ್ಕೆ ದೋಣಿಯವರು ಶೀಟ್ ಅನ್ನುತ್ತಾರೆ. ಮುಂದಿನ ಹಾಯಿಯ ಹಿಂದಿನ ಮೂಲೆಯಿಂದ ಹೊರಟ ಶೀಟು ಡೆಕ್ ಮೇಲಿನ ಒಂದು ಗಡಗಡೆಯಲ್ಲಿ ತಿರುಗಿ, ಹಗ್ಗವನ್ನು ಸುತ್ತಿ ಬಿಗಿಯುವ ವಿಂಚ್‌ಗೆ ಬರುತ್ತದೆ. ಆ ಗಡಗಡೆ ಮುಂದಿದ್ದರೆ ಹಗ್ಗ ಹಾಯಿಯನ್ನು ಕೆಳಕ್ಕೆ ಎಳೆಯುತ್ತದೆ. ಆಗ ಹಿಂಬದಿ ಅಂಚು ಬಿಗಿಯಾಗಿ ಕೆಳಗಿನ ಅಂಚು ಸಡಿಲವಾಗುತ್ತದೆ. ಹಿಂದಕ್ಕೆ ಹೋದರೆ ಕೆಳಗಿನ ಅಂಚು ಬಿಗಿದು, ಮೇಲ್ಭಾಗ ತೆರೆದುಕೊಂಡು ಗಾಳಿ ಚೆಲ್ಲುತ್ತದೆ. ನೊಗದ ಹಗ್ಗವನ್ನು ಈಸಿನ ಮೇಲೆ ಒಂದು ಕಚ್ಚು ಹಿಂದೆ ಮುಂದೆ ಮಾಡಿದರೆ ನೇಗಿಲ ಆಳ ಬದಲಾಗುತ್ತದಲ್ಲ, ಹಾಗೆ.

ಜಾಗ ಸರಿಯಾಗಿದೆಯಾ ಅಂತ ನನಗೆ ಹೇಳುವುದು ಉಣ್ಣೆ. ಚಳ್ಳಕೆರೆ ಕಂಬಳಿಯ ಅಂಚಿನಿಂದ ಎಳೆ ಬಿಚ್ಚಿ, ಅದನ್ನು ಇನ್ನೂ ಸೀಳಿ ತೆಳ್ಳಗೆ ಮಾಡಿ, ಹಾಯಿಯ ಮುಂದಿನ ಅಂಚಿನ ಹತ್ತಿರ ಕೆಳಗೆ, ನಡುವೆ, ಮೇಲೆ ಅಂತ ಮೂರು ಕಡೆ ಎರಡೂ ಮಗ್ಗುಲಿಗೆ ಅಂಟಿಸಿದ್ದೇನೆ. ಗೇಣುದ್ದ ಸಾಕು. ದೋಣಿಯನ್ನು ನಿಧಾನಕ್ಕೆ ಗಾಳಿಯ ಕಡೆ ತಿರುಗಿಸಿದಾಗ ಗಾಳಿ ಬರುವ ಮಗ್ಗುಲಿನ ಮೂರು ಎಳೆಗಳೂ ಒಟ್ಟಿಗೆ ಒದ್ದಾಡಿದರೆ ಜಾಗ ಸರಿ. ಮೇಲಿನದು ಮೊದಲು ಒದ್ದಾಡಿದರೆ ಗಡಗಡೆ ಮುಂದಕ್ಕೆ ಹೋಗಬೇಕು. ಕೆಳಗಿನದು ಮೊದಲಾದರೆ ಹಿಂದಕ್ಕೆ. ಮಳೆಯಲ್ಲಿ ನೆಂದರೆ ಎಳೆ ಬಟ್ಟೆಗೆ ಅಂಟಿಕೊಳ್ಳುತ್ತದೆ, ಅದೊಂದೇ ತೊಂದರೆ.

ಮೊದಲ ವರ್ಷ ದೋಣಿಯ ಅಂಚಿನಲ್ಲಿ ಒಂದೇ ಕಡೆ ಗಟ್ಟಿಯಾಗಿ ಗಡಗಡೆ ಕೂರಿಸಿದ್ದೆ. ಖರ್ಚು ಕಮ್ಮಿ, ನಾಲ್ಕು ಬೋಲ್ಟು. ಪೂರ್ತಿ ಬಿಚ್ಚಿದ ಹಾಯಿಗೆ ಚೆನ್ನಾಗಿಯೇ ಇತ್ತು. ಗಾಳಿ ಜಾಸ್ತಿಯಾಗಿ ಹಾಯಿಯನ್ನು ಸುತ್ತಿ ಚಿಕ್ಕದು ಮಾಡಿದ ಕೂಡಲೇ ಕೆಟ್ಟಿತು. ಹಾಯಿ ಸುತ್ತಿದಾಗ ಅದರ ಹಿಂದಿನ ಮೂಲೆ ಮುಂದಕ್ಕೆ ಸರಿಯುತ್ತದೆ, ಗಡಗಡೆ ಮಾತ್ರ ಅಲ್ಲೇ ಇರುತ್ತದೆ. ಮೇಲ್ಭಾಗ ಪಟಪಟ ಬಡಿಯುತ್ತದೆ, ದೋಣಿ ಮುಂದೆ ಹೋಗುವುದಿಲ್ಲ.

ಆ ವರ್ಷವೇ ಹೆದರಿದ್ದೂ ಆಯಿತು. ಹಗ್ಗ ವಿಂಚ್‌ನ ಡ್ರಮ್ಮಿಗೆ ಸ್ವಲ್ಪ ಕೆಳಗಿನಿಂದ ಏರಿ ಬರಬೇಕು, ಐದರಿಂದ ಹತ್ತು ಡಿಗ್ರಿಯಷ್ಟು. ನನ್ನ ಗಡಗಡೆ ಎತ್ತರದಲ್ಲಿತ್ತು, ಹಗ್ಗ ಮೇಲಿನಿಂದ ಇಳಿದು ಬರುತ್ತಿತ್ತು. ಒಂದು ಸಂಜೆ ಗಾಳಿ ನುಗ್ಗಿದಾಗ ಒಂದು ಸುತ್ತು ಇನ್ನೊಂದರ ಮೇಲೆ ಹತ್ತಿ ಕಚ್ಚಿಕೊಂಡಿತು. ಬಿಡಿಸಲು ಆಗಲಿಲ್ಲ, ದೋಣಿ ಅಂಚು ನೀರು ಮುಟ್ಟುವಷ್ಟು ವಾಲಿತು. ಬಿಗಿದ ಶೀಟಿಗೆ ಇನ್ನೊಂದು ಹಗ್ಗವನ್ನು ಸುತ್ತಿ ಗಂಟು ಹಾಕಿ, ಎದುರಿನ ವಿಂಚಿಗೆ ಎಳೆದು, ಭಾರ ತೆಗೆದ ಮೇಲೆಯೇ ಬಿಡುಗಡೆ. ಮಾರನೇ ವಾರ ವಿಂಚ್ ಕೆಳಗೆ ಮೂರು ಸೆಂಟಿಮೀಟರ್ ತೇಗದ ದಿಮ್ಮಿ ಕೊಟ್ಟು ಎತ್ತರಿಸಿದೆ. ಗಡಗಡೆ ಯಾವ ಥರದ್ದೇ ಇರಲಿ, ವಿಂಚಿಗೆ ಹಗ್ಗ ಬರುವ ಕೋನವನ್ನು ಬೋಲ್ಟು ಹಾಕುವ ಮುಂಚೆ ದಾರ ಕಟ್ಟಿ ನೋಡಿ.

ಎರಡನೇ ವರ್ಷ ಹಳಿ. ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಹಳಿ, ಅದರ ಮೇಲೆ ಸರಿಯುವ ಗಡಗಡೆ. ಇದನ್ನು ಅಂಚಿನಲ್ಲಿ ಹಾಕದೆ ಕ್ಯಾಬಿನ್ ಪಕ್ಕಕ್ಕೆ ಒತ್ತಿ ಹಾಕಿದೆ. ಹಾಯಿಯ ಮುಂದಿನ ಮೂಲೆಯಿಂದ ಗಡಗಡೆಗೆ 2.6 ಮೀಟರ್. ಅಂಚಿನಲ್ಲಿದ್ದಾಗ ನಡುಗೆರೆಯಿಂದ 75 ಸೆಂಟಿಮೀಟರ್ ದೂರ, ಅಂದರೆ ಸುಮಾರು 16 ಡಿಗ್ರಿ. ಹಳಿಯಲ್ಲಿ 50 ಸೆಂಟಿಮೀಟರ್, ಸುಮಾರು 11 ಡಿಗ್ರಿ. ಈ ಐದು ಡಿಗ್ರಿ ಮಲ್ಪೆಯಲ್ಲಿ ಎದ್ದು ಕಾಣಿಸಿತು. ಮಧ್ಯಾಹ್ನದ ಕಡಲಗಾಳಿ ಒಂದೇ ಸಮ ಇರುತ್ತದೆ, ದೋಣಿ ಗಾಳಿಗೆ ಎದುರಾಗಿ ಅಷ್ಟು ಚೆನ್ನಾಗಿ ಏರಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಸಮುದ್ರದಲ್ಲೇ ಓಡಿಸುವವರು ಇಲ್ಲಿಗೇ ನಿಲ್ಲಿಸಬಹುದು.

ಮಾರಿಕಣಿವೆಯಲ್ಲಿ ಹಾಗಲ್ಲ. ಜೋರು ಗಾಳಿಯಲ್ಲಿ ಮುಂದಿನ ಹಾಯಿಯಿಂದ ಹೊರಟ ಗಾಳಿ ದೊಡ್ಡ ಹಾಯಿಯ ಬೆನ್ನಿಗೆ ಬಡಿಯುತ್ತಿತ್ತು. ಗಡಗಡೆ ಸರಿಸಬೇಕೆಂದರೆ ಪಿನ್ ಎತ್ತಬೇಕು. ಭಾರ ಇರುವಾಗ ಪಿನ್ ಏಳುವುದಿಲ್ಲ. ಹಗ್ಗ ಬಿಟ್ಟು, ವಾಲಿದ ಡೆಕ್ ಮೇಲೆ ಮಂಡಿಯೂರಿ ಮುಂದೆ ಹೋಗಿ ಸರಿಸುವಷ್ಟರಲ್ಲಿ ಆ ಗಾಳಿ ಮುಗಿದಿರುತ್ತಿತ್ತು. ಸಾಲದ್ದಕ್ಕೆ ಹತ್ತು ತೂತು. ಅವಸರದಲ್ಲಿ ನೇರವಾಗಿ ಕೊರೆದಿದ್ದೆ, ಒಂದೇ ಮಳೆಗಾಲಕ್ಕೆ ಎರಡು ಕಡೆ ಪ್ಲೈವುಡ್ ಮೆತ್ತಗಾಯಿತು. ತೂತನ್ನು ದೊಡ್ಡದಾಗಿ ಕೊರೆದು, ಎಪಾಕ್ಸಿ ಅಂಟು ತುಂಬಿ, ಒಣಗಿದ ಮೇಲೆ ಅದರ ನಡುವೆ ಬೋಲ್ಟಿಗೆ ಮತ್ತೆ ಕೊರೆಯಬೇಕು. ಆಗ ನೀರು ಮರ ಮುಟ್ಟುವುದಿಲ್ಲ. ಕೆಳಗಿನಿಂದ ಕೊಡುವ ಅಲ್ಯೂಮಿನಿಯಂ ಪಟ್ಟಿಗಳನ್ನು ದಾವಣಗೆರೆಯ ಒಂದು ಲೇತ್ ಅಂಗಡಿಯಲ್ಲಿ ಮಾಡಿಸಿದೆ, ಅಚ್ಚುಕಟ್ಟಾಗಿ ಮಾಡಿಕೊಟ್ಟರು. ಬೋಲ್ಟು ಮಾತ್ರ 316 ದರ್ಜೆಯ ಸ್ಟೀಲೇ ಇರಲಿ. ಸಿಹಿನೀರಿಗೆ 304 ನಡೆಯುತ್ತದೆ, ಉಪ್ಪುನೀರಿನಲ್ಲಿ ಅದು ತುಕ್ಕಿನ ಕಲೆ ಬಿಡುತ್ತದೆ.

ಮೂರನೆಯದು ನನಗೆ ಹಿಡಿಸಿದ್ದು: ಬಳೆ. ನುಣುಪಾದ ಅಲ್ಯೂಮಿನಿಯಂ ಬಳೆ, ತಿರುಗುವ ಭಾಗವೇ ಇಲ್ಲ. ಶೀಟು ಹಾಯಿಯಿಂದ ಬಳೆಯೊಳಗೆ ನುಸುಳಿ, ಹಿಂದೆ ಅಂಚಿನಲ್ಲಿರುವ ಗಡಗಡೆಗೆ, ಅಲ್ಲಿಂದ ವಿಂಚಿಗೆ. ಬಳೆಗೆ ಕಟ್ಟಿದ ಇನ್ನೊಂದು ತೆಳು ಹಗ್ಗ ಡೆಕ್ ಮೇಲಿನ ಕೊಂಡಿಯಲ್ಲಿ ತೂರಿ ನಾನು ಕೂತ ಜಾಗಕ್ಕೇ ಬರುತ್ತದೆ. ಆ ಕೊಂಡಿಯನ್ನು ಬಿಚ್ಚಿದ ಹಳಿಯ ಮುಂದಿನ ತೂತಿನಲ್ಲೇ ಕೂರಿಸಿದೆ. ತೆಳು ಹಗ್ಗ ಎಳೆದರೆ ಬಳೆ ಕೆಳಕ್ಕೆ, ಒಳಕ್ಕೆ ಬರುತ್ತದೆ. ಗಡಗಡೆಯನ್ನು ಮುಂದೆ ಸರಿಸಿದ ಹಾಗೇ ಆಗುತ್ತದೆ. ಬಿಟ್ಟರೆ ಬಳೆ ಮೇಲೆದ್ದು ಹೊರಕ್ಕೆ ಹೋಗುತ್ತದೆ, ಹಾಯಿಯ ತಲೆ ತೆರೆದುಕೊಳ್ಳುತ್ತದೆ.

ನೀರಿನ ಮೇಲೆ ಕಪ್ಪು ಗೆರೆ ಓಡಿಬರುವುದು ಕಾಣಿಸುತ್ತದೆ. ಅದು ಮುಟ್ಟುವ ಹೊತ್ತಿಗೆ ತೆಳು ಹಗ್ಗವನ್ನು ಒಂದು ಮೊಳ ಬಿಡುತ್ತೇನೆ. ಮೇಲಿನ ಉಣ್ಣೆ ಒದ್ದಾಡುತ್ತದೆ, ಕೆಳಗಿನ ಎರಡು ನೆಟ್ಟಗಿರುತ್ತವೆ, ದೋಣಿ ವಾಲದೆ ಓಡುತ್ತದೆ. ಕೂತಲ್ಲಿಂದ ಎದ್ದಿಲ್ಲ, ಶೀಟು ಮುಟ್ಟಿಲ್ಲ. ಹಾಯಿ ಸುತ್ತಿದಾಗಲೂ ಅಷ್ಟೇ, ಬಳೆ ಎಳೆದರೆ ಆಯ್ತು.

ಕೊರತೆ ಇದೆ. ಭಾರವಿಲ್ಲದಾಗ ಬಳೆ ಡೆಕ್ ಮೇಲೆ ಟಕಟಕ ಬಡಿಯುತ್ತದೆ. ಒಳಗೆ ಮಲಗಿದವರಿಗೆ ನಿದ್ದೆ ಇಲ್ಲ. ಹಿಂದಿನ ಗಡಗಡೆಯಲ್ಲಿ ಹಗ್ಗ ಪೂರ್ತಿ ತಿರುಗಿ ವಾಪಸ್ ಬಂದರೆ ಅದರ ಮೇಲೆ ಹಗ್ಗದ ಎರಡರಷ್ಟು ಭಾರ ಬೀಳುತ್ತದೆ, ಹಾಗಾಗಿ ಅದು ಗಟ್ಟಿಯಾಗಿರಬೇಕು. ಶೀಟು ಬಳೆಯಲ್ಲಿ ಒಂದೇ ಕಡೆ ಉಜ್ಜುತ್ತದೆ. ಮೊನ್ನೆ ಬೆರಳಾಡಿಸಿ ನೋಡಿದೆ, ಹತ್ತು ಮಿಲಿಮೀಟರ್ ಹಗ್ಗದ ಮೇಲೆ ಒಂದು ಗೇಣಿನಷ್ಟು ಜಾಗ ಜೂಲುಜೂಲಾಗಿದೆ. ಮಲ್ಪೆಗೆ ಹೊರಡುವ ಮುಂಚೆ ಹಗ್ಗವನ್ನು ತಲೆಕೆಳಗು ಮಾಡಿ ಕಟ್ಟಬೇಕು.