ಪ್ಲೇಟು ಕೊಳ್ಳಲೋ, ರೈಲು ಹತ್ತಲೋ

ಸಂಗೀತಕ್ಕೆ ಅಂತ ತಿಂಗಳಿಗೆ 2,000 ರೂಪಾಯಿ ಎತ್ತಿಡುತ್ತೇನೆ. ಆರು ವರ್ಷದಿಂದ ಇದೇ ಲೆಕ್ಕ. ಆ ದುಡ್ಡಿನಲ್ಲಿ ಜಾಝ್ ಪ್ಲೇಟು, ಅಂದರೆ ಗ್ರಾಮಫೋನ್ ರೆಕಾರ್ಡು, ಕೊಳ್ಳಬಹುದು. ಇಲ್ಲವೇ ಹಾಸನದಿಂದ ರೈಲು ಹತ್ತಿ, ಬೆಂಗಳೂರಿನಲ್ಲಿ ಫ್ರೀ ಇಂಪ್ರೊವೈಸೇಶನ್ ಕಚೇರಿ ಕೇಳಿಕೊಂಡು ಬರಬಹುದು. ಒಂದೇ ತಿಂಗಳಲ್ಲಿ ಎರಡೂ ಆಗುವುದಿಲ್ಲ. ಹಾಗಾಗಿ ಯಾವುದಕ್ಕೆ ಹಾಕಿದರೆ ಏನು ಸಿಕ್ಕಿತು ಅಂತ ಬರೆದಿಡುತ್ತಾ ಬಂದೆ. ಈಗ ಕಪಾಟಿನಲ್ಲಿ ಹತ್ತಿರ ಹತ್ತಿರ ನೂರು ಎಲ್‌ಪಿ (ಲಾಂಗ್ ಪ್ಲೇ ಪ್ಲೇಟು) ಇವೆ, ನೋಟ್‌ಬುಕ್ಕಿನಲ್ಲಿ ಹತ್ತೊಂಬತ್ತು ಕಚೇರಿಗಳಿವೆ.

ಫ್ರೀ ಇಂಪ್ರೊವೈಸೇಶನ್ ಅಂದರೆ ಏನು ಅಂತ ಎರಡು ಮಾತು. ಜಾಝ್‌ನಲ್ಲಿ ಸಾಮಾನ್ಯವಾಗಿ ಒಂದು ಟ್ಯೂನ್ ಇರುತ್ತದೆ, ಅದರ ಕೆಳಗೆ ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ, ಸಾಲು ಇರುತ್ತದೆ. ವಾದಕರು ಅದರ ಮೇಲೆ ತಮ್ಮ ಕಲ್ಪನೆ ಬೆಳೆಸುತ್ತಾರೆ. ನಮ್ಮ ಕರ್ನಾಟಕ ಸಂಗೀತದ ನೆರವಲಿಗೆ, ಕಲ್ಪನಾಸ್ವರಕ್ಕೆ ರಾಗ ತಾಳ ಇದ್ದ ಹಾಗೆ. ಫ್ರೀ ಇಂಪ್ರೊವೈಸೇಶನ್‌ನಲ್ಲಿ ಆ ನೆಲವನ್ನೂ ಮೊದಲೇ ಹಾಸಿರುವುದಿಲ್ಲ. ಬಂದು ಕೂತು, ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತಾ, ಆ ಹೊತ್ತಿಗೆ ಏನು ಹುಟ್ಟುತ್ತದೋ ಅದೇ ಸಂಗೀತ. ಇಂಗ್ಲೆಂಡಿನ ಗಿಟಾರ್ ವಾದಕ ಡೆರೆಕ್ ಬೇಲಿ, ಸ್ಯಾಕ್ಸೋಫೋನ್ ನುಡಿಸುವ ಎವಾನ್ ಪಾರ್ಕರ್, ಜರ್ಮನಿಯ ಪೀಟರ್ ಬ್ರೋಟ್ಸ್‌ಮನ್ ಇಂಥವರು 1960ರ ದಶಕದಲ್ಲಿ ಇದಕ್ಕೊಂದು ದಾರಿ ಮಾಡಿದರು.

ರುದ್ರಪಟ್ಟಣ ಇರುವ ಜಿಲ್ಲೆ ನಮ್ಮದು. ಕಾವೇರಿ ದಡದ ಆ ಊರಿನಿಂದ ಗಾಯಕ ಆರ್.ಕೆ. ಶ್ರೀಕಂಠನ್ ಬಂದರು. ಹಾಸನದಲ್ಲಿ ಮನೋಧರ್ಮ, ಅಂದರೆ ಹಾಡುತ್ತಲೇ ಹೊಸದನ್ನು ಹುಟ್ಟಿಸುವುದು, ಅನ್ನುವ ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆದರೆ ಮೃದಂಗ ನುಡಿಸುವ ನನ್ನ ಗೆಳೆಯನಿಗೆ ಮೊದಲ ಸಲ ಒಂದು ಫ್ರೀ ಇಂಪ್ರೊವೈಸೇಶನ್ ರೆಕಾರ್ಡ್ ಕೇಳಿಸಿದಾಗ, ಅವನು ಐದು ನಿಮಿಷ ತೊಡೆಯ ಮೇಲೆ ಬೆರಳು ಎಣಿಸಿ, "ಇದರಲ್ಲಿ ಲೆಕ್ಕ ಎಲ್ಲಿದೆ?" ಅಂದ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹಳೆ ಪ್ಲೇಟು. ಬೆಂಗಳೂರಿನ ಅವೆನ್ಯೂ ರಸ್ತೆ, ಚಿಕ್ಕಪೇಟೆ ಕಡೆಯ ಸಂಡೇ ಬಜಾರ್, ಮತ್ತೆ ಮನೆ ಖಾಲಿ ಮಾಡುವವರ ರಟ್ಟಿನ ಡಬ್ಬ. ನನ್ನ ಪ್ಲೇಟುಗಳಲ್ಲಿ ಮುಕ್ಕಾಲು ಪಾಲು ಇಲ್ಲಿಂದಲೇ ಬಂದವು. ಸಿಗುವುದರಲ್ಲಿ ಜಾಸ್ತಿ ಕಲ್ಕತ್ತಾದ ದಮ್ ದಮ್ ಕಾರ್ಖಾನೆಯಲ್ಲಿ ಒತ್ತಿದ ಎಚ್‌ಎಂವಿ ಕಂಪನಿಯ ಪ್ಲೇಟುಗಳು. ಅಮೆರಿಕದ ಜಾಝ್ ವಾದಕರಾದ ಡೇವ್ ಬ್ರೂಬೆಕ್ 1958ರಲ್ಲಿ, ಡ್ಯೂಕ್ ಎಲಿಂಗ್ಟನ್ 1963ರಲ್ಲಿ ಭಾರತಕ್ಕೆ ಬಂದು ನುಡಿಸಿ ಹೋದವರು. ನನಗೆ ಸಿಕ್ಕಿದ್ದರಲ್ಲೂ ಅವರದೇ ಜಾಸ್ತಿ. ಒಂದಕ್ಕೆ 400ರಿಂದ 600 ರೂಪಾಯಿ ಕೊಟ್ಟಿದ್ದೇನೆ. ಚರಚರ ಸದ್ದು ಇರುತ್ತದೆ, ಎರಡು ಮೂರು ಗೀರು ಇದ್ದೇ ಇರುತ್ತವೆ. ಆದರೆ ದನಿಯಲ್ಲಿ ಒಂದು ಮೈ ಇರುತ್ತದೆ. ಸ್ಯಾಕ್ಸೋಫೋನಿನ ಉಸಿರು ಕೋಣೆಯೊಳಗೇ ಇದ್ದ ಹಾಗೆ ಕೇಳಿಸುತ್ತದೆ.

ಹಳೆ ಪ್ಲೇಟಿಗೆ ನಮ್ಮೂರಿನಲ್ಲಿ ದೊಡ್ಡ ಶತ್ರು ಗೀರಲ್ಲ, ಬೂಷ್ಟು. ಹಾಸನ ಅರೆಮಲೆನಾಡು. ಜೂನ್ ಬಂತೆಂದರೆ ಗೋಡೆ ತಣ್ಣಗಾಗುತ್ತದೆ, ಬಟ್ಟೆ ಒಣಗುವುದಿಲ್ಲ, ಪುಸ್ತಕದ ಹಾಳೆ ಮೆತ್ತಗಾಗುತ್ತದೆ. ಎರಡನೇ ವರ್ಷದ ಮಳೆಗಾಲದಲ್ಲಿ ಕಪಾಟು ತೆಗೆದಾಗ ಹನ್ನೊಂದು ಕವರುಗಳ ಮೇಲೆ ಬಿಳಿ ಚುಕ್ಕೆ ಎದ್ದಿದ್ದವು. ಒಳಗೆ ಪ್ಲೇಟಿನ ಗೆರೆಗಳಲ್ಲೂ ಬೂಷ್ಟು ಕೂತಿತ್ತು. ಬೂಷ್ಟು ಹಿಡಿದ ಪ್ಲೇಟಿನ ಮೇಲೆ ಮುಳ್ಳು ಇಟ್ಟರೆ ಸಣ್ಣಗೆ ಹುರಿದ ಹಾಗೆ ಸದ್ದು ಬರುತ್ತದೆ, ಮುಳ್ಳಿಗೂ ಕೊಳೆ ಮೆತ್ತಿಕೊಳ್ಳುತ್ತದೆ. ಡಿಸ್ಟಿಲ್ಡ್ ವಾಟರ್‌ಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿ, ಮೆತ್ತನೆ ಬಟ್ಟೆಯಲ್ಲಿ ಗೆರೆಯ ಗುಂಟ ಒರೆಸಿದೆ. ಹನ್ನೊಂದರಲ್ಲಿ ಒಂಬತ್ತು ಉಳಿದವು.

ಆದರೆ ಅದೇ ನೀರಿನಲ್ಲಿ ಅಜ್ಜನ ಮನೆಯಿಂದ ತಂದಿದ್ದ ಒಂದು 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ಪ್ಲೇಟನ್ನೂ ಒರೆಸಿಬಿಟ್ಟೆ. ಅದು ಎಲ್‌ಪಿಯ ಹಾಗೆ ವಿನೈಲ್ ಪ್ಲಾಸ್ಟಿಕ್ ಅಲ್ಲ, ಅರಗಿನ ಪ್ಲೇಟು. ಅರಗು ಆಲ್ಕೋಹಾಲ್‌ನಲ್ಲಿ ಕರಗುತ್ತದೆ. ಹೊಳಪು ಹೋಯಿತು, ದನಿಯೂ ಹೋಯಿತು. ಆ ನೋವು ಇನ್ನೂ ಇದೆ. ನಿಮ್ಮ ಮನೆಯಲ್ಲಿ ಹಳೆ 78 ಇದ್ದರೆ ಆಲ್ಕೋಹಾಲ್ ಮುಟ್ಟಿಸಬೇಡಿ.

ಇನ್ನು ಹಳೆ ರೆಕಾರ್ಡಿಂಗನ್ನೇ ಹೊಸದಾಗಿ ಒತ್ತಿದ ರೀಇಷ್ಯೂ ಎಲ್‌ಪಿಗಳು. 180 ಗ್ರಾಂ ವಿನೈಲ್, ದಪ್ಪ ಕವರು. ಅಮೆರಿಕದ ಜಾಝ್ ರೆಕಾರ್ಡ್ ಕಂಪನಿ ಬ್ಲೂ ನೋಟ್ 2019ರಿಂದ ತರುತ್ತಿರುವ ಟೋನ್ ಪೊಯೆಟ್ ಸರಣಿಯಲ್ಲಿ ಎರಡು ತೆಗೆದುಕೊಂಡೆ. ಮೂಲ ಟೇಪಿನಿಂದಲೇ ಸೌಂಡ್ ಎಂಜಿನಿಯರ್ ಕೆವಿನ್ ಗ್ರೇ ಮಾಸ್ಟರಿಂಗ್ ಮಾಡಿದವು. ದೊಡ್ಡ ಪಿಟೀಲಿನಂಥ ಬೇಸ್ ವಾದ್ಯದ ತಂತಿ ಎಳೆದು ಬಿಟ್ಟ ಜಾಗ ಸಹ ಗೊತ್ತಾಗುತ್ತದೆ. ಸದ್ದಿನ ವಿಷಯದಲ್ಲಿ ಹಳೆ ಪ್ಲೇಟು ಇದರ ಹತ್ತಿರ ಬರುವುದಿಲ್ಲ. ಆದರೆ ಒಂದಕ್ಕೆ ಸುಮಾರು 4,000 ರೂಪಾಯಿ, ಅಂದರೆ ನನ್ನ ಎರಡು ತಿಂಗಳು. ಬೇರೊಂದು ರೀಇಷ್ಯೂ ದಾರಿಯಲ್ಲೇ ಬಾಗಿ ಬಂತು. ಮುಳ್ಳು ದೋಣಿಯ ಹಾಗೆ ಏರಿ ಇಳಿಯುತ್ತಿತ್ತು. ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ಅಷ್ಟು ದುಡ್ಡು ಕೊಟ್ಟಾಗ ಅದು ಚುಚ್ಚುತ್ತದೆ, ಅಲ್ವಾ?

ಸಿಡಿ ಮತ್ತು ಡೌನ್‌ಲೋಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಗ್ಗ, ಬೂಷ್ಟಿನ ಕಾಟ ಕಡಿಮೆ. ಆದರೆ ಒಂದು ವಿಷಯದಲ್ಲಿ ಎಲ್‌ಪಿಗಿಂತ ಮೇಲು. ಅಮೆರಿಕದ ಸ್ಯಾಕ್ಸೋಫೋನ್ ವಾದಕ ಆರ್ನೆಟ್ ಕೋಲ್ಮನ್ 1960ರ ಡಿಸೆಂಬರ್ 21ರಂದು ರೆಕಾರ್ಡ್ ಮಾಡಿದ 'ಫ್ರೀ ಜಾಝ್' ಸುಮಾರು 37 ನಿಮಿಷದ ಒಂದೇ ಓಟ. ಎಲ್‌ಪಿಯ ಒಂದು ಬದಿಗೆ ಸಾಮಾನ್ಯವಾಗಿ ಇಪ್ಪತ್ತು ನಿಮಿಷದ ಮೇಲೆ ಸ್ವಲ್ಪ ಹಿಡಿಸುತ್ತದೆ. ಹಾಗಾಗಿ ಅದನ್ನು ನಡುವೆ ಕತ್ತರಿಸಿ ಎರಡು ಬದಿಗೆ ಹಂಚಿದ್ದಾರೆ. ಎಂಟು ಜನ ಸೇರಿ ಕಟ್ಟಿದ ಬಿಸಿ, ನಾನು ಎದ್ದು ಪ್ಲೇಟು ತಿರುಗಿಸುವಷ್ಟರಲ್ಲಿ ಆರಿಹೋಗುತ್ತದೆ. ಸಿಡಿಯಲ್ಲಿ ಅದು ಮುರಿಯದೆ ಹರಿಯುತ್ತದೆ.

ಆ ರೆಕಾರ್ಡ್‌ನಲ್ಲಿ ಇನ್ನೊಂದು ಅನುಕೂಲ ಇದೆ. ಎರಡು ತಂಡ, ಒಂದೊಂದರಲ್ಲಿ ನಾಲ್ಕು ಜನ. ಕೋಲ್ಮನ್, ಡಾನ್ ಚೆರ್ರಿ ಇರುವ ತಂಡ ಎಡ ಸ್ಪೀಕರ್‌ನಲ್ಲಿ. ಎರಿಕ್ ಡಾಲ್ಫಿ, ಫ್ರೆಡ್ಡಿ ಹಬರ್ಡ್ ಇರುವ ತಂಡ ಬಲ ಸ್ಪೀಕರ್‌ನಲ್ಲಿ. ಬ್ಯಾಲೆನ್ಸ್ ಗುಂಡಿಯನ್ನು ಒಂದು ಕಡೆಗೆ ತಿರುಗಿಸಿ ಬರೀ ಒಂದು ತಂಡವನ್ನು ಕೇಳಿದೆ. ಆಮೇಲೆ ಇನ್ನೊಂದು. ಆಮೇಲೆ ಎರಡೂ. ಮೂರು ಸಂಜೆ ಹೀಗೆ ಕೂತ ಮೇಲೆ, ಗದ್ದಲ ಅಂದುಕೊಂಡಿದ್ದು ಮಾತುಕತೆಯಾಗಿ ಕೇಳತೊಡಗಿತು. ಕಚೇರಿಯಲ್ಲಿ ಇಂಥ ಪಾಠ ಸಿಗುವುದಿಲ್ಲ. ಅಲ್ಲಿ ನಿಲ್ಲಿಸಿ, ಹಿಂದೆ ಹೋಗಿ, ಮತ್ತೆ ಕೇಳಲು ಆಗುವುದಿಲ್ಲ.

ನನ್ನಲ್ಲಿ ಅತಿ ಜಾಸ್ತಿ ತಿರುಗಿದ ಪ್ಲೇಟು 1983ರ 'ಜ್ಯೋತಿ'. ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದ ಜೊತೆ ಮಾಡಿದ್ದು. ಆರ್.ಎ. ರಮಾಮಣಿ ಅವರ ದನಿ, ಟಿ.ಎ.ಎಸ್. ಮಣಿ ಅವರ ಮೃದಂಗ. ಇಂಥದ್ದನ್ನು ನಲವತ್ತು ಸಲ ಕೇಳಿದರೂ ಒಳಗೆ ಇನ್ನೊಂದು ಕೋಣೆ ಸಿಗುತ್ತದೆ. ಕಟ್ಟಿದ ಸಂಗೀತ ಅದು. ಕಟ್ಟಿದ್ದಕ್ಕೆ ಪ್ಲೇಟು ಒಳ್ಳೆ ಮನೆ.

ಈಗ ರೈಲು. ಕುಣಿಗಲ್ ಮೇಲಿನ ಮಾರ್ಗ 2017ರಲ್ಲಿ ಶುರುವಾದ ಮೇಲೆ ನನಗೆ ಬೆಂಗಳೂರು ಹತ್ತಿರವಾಯಿತು. ರೈಲು, ಆಟೋ, ಕಚೇರಿಯ ಟಿಕೆಟ್, ಊಟ, ರಾತ್ರಿ ಮೆಜೆಸ್ಟಿಕ್‌ನಿಂದ ಬಸ್ಸು ಎಲ್ಲ ಸೇರಿ 1,600ರಿಂದ 2,000 ಆಗುತ್ತದೆ. ಮನೆ ಸೇರುವಾಗ ಬೆಳಗಿನ ಜಾವ ಮೂರು ಗಂಟೆ. ಮರುದಿನ ಕೆಲಸ ಇದ್ದರೆ ಮೈ ಹೇಳಿದ ಮಾತು ಕೇಳುವುದಿಲ್ಲ. ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹತ್ತೊಂಬತ್ತರಲ್ಲಿ ಆರು ಕಚೇರಿ ಸಪ್ಪೆ. ಒಬ್ಬರನ್ನೊಬ್ಬರು ಕೇಳದೆ, ತಮ್ಮ ಪಾಡಿಗೆ ತಾವು ಸುಮ್ನೆ ಸದ್ದು ಮಾಡಿದರು. ಪ್ಲೇಟು ಕೊಳ್ಳುವಾಗ ಮೊದಲೇ ಕೇಳಿ ನೋಡಬಹುದು, ಇಲ್ಲಿ ಆ ಭರವಸೆ ಇಲ್ಲ. ಉಳಿದ ಹದಿಮೂರರಲ್ಲಿ ನಾಲ್ಕನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಅದರಲ್ಲಿ ಒಂದು ಚಿಕ್ಕ ಗ್ಯಾಲರಿಯಲ್ಲಿ ನಡೆದದ್ದು. ನಲವತ್ತು ಕುರ್ಚಿ, ಮೈಕು ಇಲ್ಲ. ಸ್ಯಾಕ್ಸೋಫೋನ್, ಡಬಲ್ ಬೇಸ್, ಡ್ರಮ್ಸ್. ಸ್ಯಾಕ್ಸೋಫೋನ್ ವಾದಕ ಊದದೆ ಬರೀ ಕೀಲಿಗಳನ್ನು ಬೆರಳಿನಿಂದ ತಟ್ಟುತ್ತಾ ಶುರು ಮಾಡಿದರು. ಡ್ರಮ್ಸ್‌ನವರು ಪಿಟೀಲಿನ ಕಮಾನಿನಿಂದ ಸಿಂಬಲ್ ತಟ್ಟೆಯ ಅಂಚನ್ನು ಎಳೆದರು, ಹಿತ್ತಾಳೆ ಅತ್ತ ಹಾಗಿತ್ತು. ಸ್ವಲ್ಪ ಹೊತ್ತಿಗೆ ಹೊರಗೆ ಮಳೆ ಬಂತು, ಮೇಲಿನ ಶೀಟಿನ ಮೇಲೆ ಹನಿ ಬಿದ್ದವು. ಮೂವರೂ ಒಟ್ಟಿಗೆ ನಿಲ್ಲಿಸಿದರು. ಯಾರೂ ಸನ್ನೆ ಮಾಡಲಿಲ್ಲ. ಮಳೆಯೇ ನಾಲ್ಕನೆಯವರಾಗಿ ಒಂದಷ್ಟು ಹೊತ್ತು ನುಡಿಸಿತು. ಆಮೇಲೆ ಬೇಸ್ ಒಂದೇ ಒಂದು ಸ್ವರ ಇಟ್ಟು ಒಳಗೆ ಬಂತು. ನನ್ನ ಪಕ್ಕದವರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಆ ಸಂಜೆಯ ರೆಕಾರ್ಡಿಂಗ್ ಎರಡು ತಿಂಗಳ ಮೇಲೆ ಸಿಕ್ಕಿತು. ಡೌನ್‌ಲೋಡ್‌ಗೆ ದುಡ್ಡು ಕೊಟ್ಟು ತೆಗೆದುಕೊಂಡೆ. ಒಂದೇ ಕಚೇರಿ, ಒಮ್ಮೆ ಎದುರು ಕೂತು ಕೇಳಿದ್ದು, ಒಮ್ಮೆ ಹಾಸನದ ನನ್ನ ಕೋಣೆಯಲ್ಲಿ. ಇದಕ್ಕಿಂತ ನೇರ ಹೋಲಿಕೆ ಇನ್ನೇನು ಬೇಕು?

ಮಳೆಯ ಆ ಜಾಗ ಬಂದಾಗ, ಫೋನ್ ನಿಂತುಹೋಯಿತೇನೋ ಅಂತ ನೋಡಿದೆ. ಮಳೆ ಸಣ್ಣ ಗೊರಗೊರ ಆಗಿ ಉಳಿದಿತ್ತು. ಅಲ್ಲಿ ತುಂಬಿದ್ದ ಮೌನ ಇಲ್ಲಿ ಖಾಲಿ ಜಾಗ. ಆದರೆ ಅದೇ ರೆಕಾರ್ಡಿಂಗ್ ನನಗೆ ಇನ್ನೊಂದನ್ನು ಕೊಟ್ಟಿತು. ಕಚೇರಿಯಲ್ಲಿ ನನ್ನ ಕಣ್ಣು ಪೂರ್ತಿ ಡ್ರಮ್ಸ್ ಮೇಲಿತ್ತು. ಮನೆಯಲ್ಲಿ ಕೇಳಿದಾಗ ಗೊತ್ತಾಯಿತು, ಮೊದಲ ಹತ್ತು ನಿಮಿಷ ದಾರಿ ತೋರಿಸುತ್ತಿದ್ದದ್ದು ಬೇಸ್. ಎದುರಿಗೆ ಕೂತಿದ್ದೂ ನಾನು ಅದನ್ನು ಕೇಳಿಸಿಕೊಂಡಿರಲಿಲ್ಲ.

ಐದನೇ ಸಲ ಕೇಳುವ ಹೊತ್ತಿಗೆ ಇನ್ನೊಂದು ಬದಲಾವಣೆ ಆಯಿತು. 19ನೇ ನಿಮಿಷದಲ್ಲಿ ಯಾರೋ ಕೆಮ್ಮುತ್ತಾರೆ. ಆ ಕೆಮ್ಮಿಗೂ ನಾನು ಕಾಯತೊಡಗಿದೆ. ಮುಂದಿನ ಸ್ವರ ನನಗೆ ಬಾಯಿಪಾಠ. ನುಡಿಸಿದವರಿಗೆ ಗೊತ್ತಿಲ್ಲದಿದ್ದದ್ದು ಈಗ ನನಗೆ ಗೊತ್ತು. ಆಗ ಅದು ಕೃತಿಯಾಯಿತು, ಆ ಕ್ಷಣದ ಹುಡುಕಾಟವಾಗಿ ಉಳಿಯಲಿಲ್ಲ. ಅವತ್ತಿನಿಂದ ಈ ಬಗೆಯ ರೆಕಾರ್ಡಿಂಗ್‌ಗಳನ್ನು ಎರಡು ಮೂರು ಸಲ ಕೇಳಿ ಎತ್ತಿಡುತ್ತೇನೆ.

ಎರಿಕ್ ಡಾಲ್ಫಿ 1964ರ ಜೂನ್ 2ರಂದು ಹಾಲೆಂಡಿನ ಹಿಲ್ವರ್ಸಮ್‌ನಲ್ಲಿ ನುಡಿಸಿದ ಒಂದು ರೆಕಾರ್ಡ್ ಇದೆ. ಅದೇ ತಿಂಗಳ 29ರಂದು ಬರ್ಲಿನ್‌ನಲ್ಲಿ ಅವರು ತೀರಿಕೊಂಡರು, ವಯಸ್ಸು 36. ಪ್ಲೇಟಿನ ಕೊನೆಗೆ ಅವರ ಮಾತು ಕೇಳಿಸುತ್ತದೆ. ಸಂಗೀತ ಮುಗಿದರೆ ಗಾಳಿಯಲ್ಲಿ ಹೋಯಿತು, ಮತ್ತೆ ಹಿಡಿಯಲಾಗದು ಅನ್ನುವ ಅರ್ಥದ ಮಾತು. ಆ ದನಿ ನನ್ನ ಕೋಣೆಗೆ ಬಂದದ್ದು ಪ್ಲೇಟಿನಿಂದಲೇ. ಅವರ ಮಾತೂ ನಿಜ, ಪ್ಲೇಟು ಕೊಟ್ಟದ್ದೂ ನಿಜ. ಅಂದು ಡ್ರಮ್ಸ್ ನುಡಿಸಿದ ಹ್ಯಾನ್ ಬೆನಿಂಕ್ ಮುಂದೆ ನೆಲ, ಕುರ್ಚಿ ಏನನ್ನೂ ಬಿಡದೆ ಬಾರಿಸುವವರಾಗಿ ಹೆಸರಾದರು. ಡ್ರಮ್ ಮೇಲೆ ಹಿಮ್ಮಡಿ ಇಟ್ಟು ಒತ್ತಿ ಸ್ವರ ಏರಿಸುತ್ತಾರೆ. ಆಡಿಯೋದಲ್ಲಿ ಅದು ಬರೀ ಧಡ್ ಧಡ್. ವಿಡಿಯೋದಲ್ಲಿ ನೋಡಿದ ಮೇಲೇ ನನಗೆ ಅದರ ಸೊಗಸು ಹತ್ತಿದ್ದು.

ಹಾಗಾಗಿ ಈಗ ನನ್ನ ಪದ್ಧತಿ ಹೀಗಿದೆ. ಜಾಝ್ ಬೇಕಾದರೆ ಪ್ಲೇಟು. ಹಳೆಯದಾದರೆ ಬೆಳಕಿಗೆ ಓರೆಯಾಗಿ ಹಿಡಿದು ಬೂಷ್ಟು ನೋಡಿ ಕೊಳ್ಳುತ್ತೇನೆ. ರೀಇಷ್ಯೂ ವರ್ಷಕ್ಕೆ ಒಂದೋ ಎರಡೋ, ಅದೂ ಬಹಳ ಬೇಕಾದದ್ದು. ಫ್ರೀ ಇಂಪ್ರೊವೈಸೇಶನ್ ಬೇಕಾದರೆ ರೈಲು, ಜೊತೆಗೆ ಆ ವಾದಕರ ಡೌನ್‌ಲೋಡ್ ಅಥವಾ ಸಿಡಿ. ಅದರ ಎಲ್‌ಪಿ ಕೊಳ್ಳುವುದನ್ನು ನಿಲ್ಲಿಸಿದ್ದೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಪ್ಲೇಟನ್ನೂ ಮನೆಗೆ ತರುವುದಿಲ್ಲ. ಮಳೆಗಾಲದ ದುಡ್ಡು ಪೂರ್ತಿ ಪ್ರಯಾಣಕ್ಕೆ.

ಕಳೆದ ಆಗಸ್ಟ್‌ನಲ್ಲಿ ಮೃದಂಗದ ಗೆಳೆಯನನ್ನೂ ಕರೆದುಕೊಂಡು ಹೋದೆ. ಹತ್ತು ನಿಮಿಷ ಅವನ ಬೆರಳು ತೊಡೆಯ ಮೇಲೆ ಎಣಿಸುತ್ತಿತ್ತು. ಆಮೇಲೆ ನಿಂತಿತು. ಆಮೇಲೆ ಅವನು ಕುರ್ಚಿಯ ತುದಿಗೆ ಬಂದ. ಬಸ್ಸಿನಲ್ಲಿ ಚನ್ನರಾಯಪಟ್ಟಣ ದಾಟುವವರೆಗೂ, ಡ್ರಮ್ಸ್ ವಾದಕ ಎಡಗೈಯಲ್ಲಿ ಚರ್ಮವನ್ನು ಒತ್ತಿ ಬಿಟ್ಟದ್ದನ್ನು ಮುಂದಿನ ಸೀಟಿನ ಬೆನ್ನಿಗೆ ಮಾಡಿ ತೋರಿಸುತ್ತಿದ್ದ. ಮುಂದಿನ ಶನಿವಾರಕ್ಕೆ ಎರಡು ಟಿಕೆಟ್ ತೆಗೆದಿದ್ದೇವೆ. ಎಡಗೈ ಕಾಣುವ ಕಡೆಯೇ ಕೂರಬೇಕು, ಬೇಗ ಹೋಗೋಣ ಅಂತ ಈಗಾಗಲೇ ಎರಡು ಸಲ ಫೋನ್ ಮಾಡಿದ್ದಾನೆ.